ಸೋಮವಾರದ ಡಬ್ಬಿ

ಸೋಮವಾರ ನಮ್ಮ ಮೃಗಾಲಯಕ್ಕೆ ರಜೆ.
ಪ್ರಾಣಿಗಳಿಗಲ್ಲ, ನೋಡುವವರಿಗೆ.
ತಿಸಾ ನದಿಯಿಂದೆದ್ದ ಮಂಜು ಟಿಕೆಟ್ಟಿಲ್ಲದೆ ಒಳನುಗ್ಗಿ
ಒಂದೊಂದು ಕಟಕಟೆಯ ಮುಂದೂ ಚೂರು ನಿಂತು ಹೋಗುತ್ತದೆ.
ನಾನು ಪಿರೋಷ್ಕಾ, ಟಿಕೆಟ್ ಕಿಟಕಿಯವಳು.
ಹನ್ನೊಂದು ವರ್ಷದಿಂದ ಪ್ರತಿ ಸೋಮವಾರ
ತಗಡಿನ ಕಾಣಿಕೆ ಡಬ್ಬಿಯನ್ನು
ಈ ಮೇಜಿನ ಮೇಲೆ ಬೋರಲು ಹಾಕುತ್ತೇನೆ.

ಈ ವಾರ ಬಿದ್ದದ್ದು
ಆರು ಸಾವಿರದ ನಾನೂರು ಫೋರಿಂಟು,
ಕೋಟಿನದೊಂದು ಕಪ್ಪು ಗುಂಡಿ,
ಯಾವ ದೇಶದ್ದೋ ತೂತಿನ ನಾಣ್ಯ,
ಅರ್ಧ ಚೀಪಿದ ಪೆಪ್ಪರಮಿಂಟು,
ಮತ್ತೆ, ನಾಲ್ಕು ಮಡಿಕೆಯ ನೋಟಿನೊಳಗೆ ಚೀಟಿ:
'ಕರಡಿಗೆ. ಜೇನು ಮಾತ್ರ. ಬೇರೆ ಖರ್ಚಿಗಲ್ಲ.'

ಬೇರೆ ಖರ್ಚು ಏನೆಂದು ಬಲ್ಲೆಯಾ, ಚೀಟಿಯವನೆ?
ಆಮೆ ಮನೆಯ ಗ್ಯಾಸ್ ಬಿಲ್ಲು
ಆಮೆಯ ಹಾಗೆ ಬರುವುದಿಲ್ಲ, ಓಡಿ ಬರುತ್ತದೆ.
ನಗರಸಭೆಯ ಯಾದಿಯಲ್ಲಿ ನಾವು ಕಟ್ಟಕಡೆಯ ಸಾಲು,
ಬೀದಿದೀಪ ಆದಮೇಲೆ,
ಚೌಕದ ಕಾರಂಜಿಯ ದುರಸ್ತಿ ಆದಮೇಲೆ,
ಇನ್ನೂ ಹಾಳೆಯಲ್ಲಿ ಜಾಗ ಉಳಿದಿದ್ದರೆ.

ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ
ಎಂದು ನಗುವವರಿದ್ದಾರೆ.
ನಗಲಿ. ನಮ್ಮಲ್ಲಿ ಆನೆಯೇ ಇಲ್ಲ.
ಇರುವುದು ಒಕ್ಕಣ್ಣಿನ ಗೂಬೆ,
ಬಂದರಿನಲ್ಲಿ ಸೂಟ್‌ಕೇಸಿನೊಳಗೆ ಸಿಕ್ಕ ಹದಿನಾರು ಆಮೆ,
ಮತ್ತು ಸಿಲ್ವಾ.
ನಮ್ಮ ಮಾತಿನಲ್ಲಿ ಸಿಲ್ವಾ ಎಂದರೆ ಪ್ಲಮ್ ಹಣ್ಣು.
ನಾನೂರು ಕಿಲೋ ತೂಗಿದ್ದಳು ಮೊನ್ನೆ, ಹಣ್ಣು.

ತಂಗಿಯ ಮಗ ಬೊತೊಂದ್‌ಗೆ ಇಪ್ಪತ್ತು ವರ್ಷ, ಕೇಳುತ್ತಾನೆ:
'ಪಂಜರಕ್ಕೆ ಕಾಸು ಕೊಡಬೇಕೆ, ಚಿಕ್ಕಮ್ಮ?
ಬಾಗಿಲು ತೆಗೆದುಬಿಡು.'
ಮಾತು ಸುಳ್ಳಲ್ಲ. ರಾತ್ರಿಯೆಲ್ಲ ನನ್ನನ್ನೂ ಕುಟುಕುತ್ತದೆ.
ತೆಗೆದೆ ಅಂತಿಟ್ಟುಕೋ.
ಬಾಗಿಲಾಚೆ ಟ್ರಾಮ್ ಡಿಪೋ,
ಡಿಪೋ ಆಚೆ ಟೈರಿನ ಗೋದಾಮು,
ಅದರಾಚೆ ಆರು ಪಥದ ಹೆದ್ದಾರಿ.
ಕಾಡಿಗೆ ಹೋಗುವ ಟ್ರಾಮಿನ ನಂಬರು ಹೇಳು,
ನಾನೇ ಹತ್ತಿಸಿ ಬರುತ್ತೇನೆ.

ಚೀಟಿಯ ಕೈಬರಹ ನನಗೆ ಗೊತ್ತು.
ಆ ವಾಲಿದ ಅಕ್ಷರಗಳನ್ನು
ಹಳೇ ಹೆದ್ದಾರಿ ಪಕ್ಕದ ಹೋಟೆಲಿನ ಕಪ್ಪು ಹಲಗೆಯಲ್ಲಿ ಓದಿದ್ದೆ:
ಮೀನಿನ ಸಾರು, ತಣ್ಣನೆ ಬಿಯರು,
ಕರಡಿಯ ಜೊತೆ ಫೋಟೋ.
ವೆಂಡೆಲ್ ಅದರ ಯಜಮಾನ.
ಈಗ ಹೋಟೆಲಿಲ್ಲ, ಹೆಂಡತಿಯಿಲ್ಲ, ಎಡಮಂಡಿ ಮಡಚುವುದಿಲ್ಲ.
ಭಾನುವಾರ ಬರುತ್ತಾನೆ, ಟಿಕೆಟ್ ಕೊಳ್ಳುತ್ತಾನೆ,
ಡಬ್ಬಿಯಾಚೆ ಒಂದು ಹೆಜ್ಜೆ ಇಡುವುದಿಲ್ಲ.
ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡುತ್ತಾನೆ,
ತನ್ನ ವಾಸನೆ ಅವಳವರೆಗೆ ಹೋದೀತೆಂದು.

ಒಂಬತ್ತು ವರ್ಷವಾಯಿತು ಅವಳು ಲಾರಿಯಿಂದಿಳಿದು.
ಇಂದಿಗೂ ಎಲ್ಲಾದರೂ ಬಾಟಲಿ ಠಣ್ ಎಂದರೆ
ಸಿಲ್ವಾ ಎರಡು ಕಾಲಮೇಲೆ ಎದ್ದು ನಿಲ್ಲುತ್ತಾಳೆ,
ಯಾರದೋ ಹೆಗಲಿಗೆ ಕೈ ಹಾಕಲು ಸಿದ್ಧವಾಗಿ.

ನನ್ನ ಬೀರುವಿನಲ್ಲೂ ಒಂದು ಫೋಟೋ ಇದೆ.
ಮದುವೆಯ ಮಾರನೆಯ ದಿನದ್ದು.
ಗಂಡ ನಗುತ್ತಿದ್ದಾನೆ, ನಾನು ನಗುತ್ತಿದ್ದೇನೆ,
ನಡುವೆ ಮೂಗಿಗೆ ಬಳೆ ತೊಟ್ಟವಳು ನಗುತ್ತಿಲ್ಲ.
ಇದನ್ನು ಬೊತೊಂದ್‌ಗೆ ತೋರಿಸಿಲ್ಲ.

ಅದಕ್ಕೇ ಡಬ್ಬಿಯ ಮೇಲೆ ಬರೆದ 'ದಾನ' ಎಂಬ ಮಾತು
ನನಗೆ ಒಗ್ಗುವುದಿಲ್ಲ.
ದಾನ ಕೊಡುವವನ ಕೈ ಮೇಲಿರುತ್ತದೆಯಂತೆ.
ಇಲ್ಲಿ ಯಾರ ಕೈಯೂ ಮೇಲಿಲ್ಲ.
ಇದು ಹಳೇ ಬಾಕಿ.
ಸಾಲಗಾರರು ತೀರಾ ತಡವಾಗಿ, ತುಸು ನಾಚಿ,
ಚಿಲ್ಲರೆಯಲ್ಲಿ ತೀರಿಸುತ್ತಿದ್ದೇವೆ;
ಸಾಲ ಕೊಟ್ಟವರಿಗೆ ಎಣಿಸಲು ಬರುವುದಿಲ್ಲ,
ಅದು ನಮ್ಮ ಪುಣ್ಯ.

ವೆಂಡೆಲ್‌ನ ನೋಟು ಜೇನಿಗೇ ಹೋಗುತ್ತದೆ, ಮಾತು ಮಾತೇ.
ಅವಳು ನಾಲಿಗೆ ಚಾಚಿ ನೆಕ್ಕುವಾಗ
ಯಾರು ಕಳಿಸಿದರೆಂದು ನಾನು ಹೇಳುವುದಿಲ್ಲ.
ಆರು ಸಾವಿರದ ನಾನೂರು ಆಮೆಗಳಿಗೆ:
ಒಂದು ರಾತ್ರಿಯ ಬೆಚ್ಚಗೆ,
ಇನ್ನೊಂದು ರಾತ್ರಿಯ ಅರ್ಧ.
ಮಿಕ್ಕ ಅರ್ಧ ರಾತ್ರಿ ಯಾರದು?

ನಾಳೆ ಒಂಬತ್ತಕ್ಕೆ ತೆರೆಯುತ್ತೇವೆ.
ಡಬ್ಬಿ ಗೇಟಿನ ಎಡಕ್ಕಿದೆ.
ದಯವಿಟ್ಟು ಗುಂಡಿ ಹಾಕಬೇಡಿ.

ಹಾಕಿದರೂ ಸರಿ,
ಗೂಬೆ ನೋಡಿಕೊಳ್ಳುವ ಗೆಲ್ಲೆರ್ಟ್‌ನ ಕೋಟಿಗೆ
ಹೋದ ಚಳಿಗಾಲದಿಂದ ಒಂದು ಕಡಿಮೆಯಿದೆ.